ಮುಂದಿನ ವರ್ಷ ರೋಗಿಯಾಗುವ ಯೋಗ

ಡಿಸೆಂಬರ್ ಬಂತೆಂದರೆ ನಮ್ಮ ಹಾಸ್ಟೆಲಿಗೆ ಸಂಕಲ್ಪದ ಜ್ವರ. ಒಬ್ಬ ಸಿಗರೇಟು ಬಿಡುತ್ತಾನೆ, ಇನ್ನೊಬ್ಬ ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆಯಾದ ಪಿಜಿ ನೀಟ್‌ಗೆಂದು ಕೋಚಿಂಗ್ ಆ್ಯಪ್‌ಗೆ ದುಡ್ಡು ಕಟ್ಟುತ್ತಾನೆ, ಮತ್ತೊಬ್ಬ ಇವರಿಬ್ಬರನ್ನೂ ನೋಡಿ ನಕ್ಕು ನೈಟ್ ಡ್ಯೂಟಿಗೆ ಹೋಗುತ್ತಾನೆ. ನಾನು ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಹೌಸ್ ಸರ್ಜನ್, ಅಂದರೆ ತರಬೇತಿಯಲ್ಲಿರುವ ವೈದ್ಯ. ನಾಲ್ಕೂವರೆ ವರ್ಷ ಓದಿ, ಈಗ ರಕ್ತದ ಟ್ಯೂಬು ಹಿಡಿದು ವಾರ್ಡಿನಿಂದ ಲ್ಯಾಬಿಗೆ ಓಡುವ ಹಂತಕ್ಕೆ ಬಂದಿದ್ದೇನೆ. ಅದೇ ಟ್ಯೂಬನ್ನು ಅಟೆಂಡರ್ ಒಯ್ದರೆ ಕೆಲಸ, ನಾನು ಒಯ್ದರೆ ಕಲಿಕೆ. ಅವನಿಗೆ ಸಂಬಳ, ನನಗೆ ಸ್ಟೈಪೆಂಡ್. ಅದೂ ಬಂದ ತಿಂಗಳು.

ನನ್ನ ಸಂಕಲ್ಪ ಒಂದೇ. ಮುಂದಿನ ವರ್ಷ ರೋಗಿಯಾಗಬೇಕು. ಕಾಯಿಲೆ ಬಿದ್ದ ರೋಗಿಯಲ್ಲ, ಅದು ಖರ್ಚಿನ ಬಾಬತ್ತು. ಇನ್‌ಸ್ಪೆಕ್ಷನ್ ರೋಗಿ.

ಇನ್‌ಸ್ಪೆಕ್ಷನ್ ದಿನ ನಮ್ಮ ಆಸ್ಪತ್ರೆಗೆ ಬೆಳಗಾಗುವ ರೀತಿಯೇ ಬೇರೆ. ಕಾಲೇಜಿಗೆ ಮಾನ್ಯತೆ, ಸೀಟು ಕೊಡುವ ರಾಷ್ಟ್ರೀಯ ವೈದ್ಯಕೀಯ ಆಯೋಗದವರು ರೋಗಿಗಳಿದ್ದಾರೆಯೇ, ಬೋಧಕರಿದ್ದಾರೆಯೇ ಎಂದು ನೋಡಲು ಬರುವ ದಿನವದು. ವರ್ಷವಿಡೀ ಪೊರಕೆ ಕಾಣದ ಮೆಟ್ಟಿಲಿಗೆ ಫಿನಾಯಿಲ್ ಬೀಳುತ್ತದೆ. ಹಿಂದಿನ ಗೇಟಿಗೆ ಟೆಂಪೋಗಳು ಬಂದು ನಿಲ್ಲುತ್ತವೆ. ಸುತ್ತಲಿನ ಹಳ್ಳಿಯವರು ಇಳಿದು, ಹೆಸರು ಬರೆಸಿ, ಟೀ ಕುಡಿದು ಹಾಸಿಗೆ ಹಿಡಿಯುತ್ತಾರೆ. ರೋಗ ಹಂಚುವ ಪುಣ್ಯಕಾರ್ಯ ಹೌಸ್ ಸರ್ಜನ್‌ಗಳದ್ದು. ಗಟ್ಟಿಮುಟ್ಟಾದ ಗಂಡಸರಿಗೆ ಹರ್ನಿಯಾ, ಹೊಟ್ಟೆ ಇದ್ದವರಿಗೆ ಶುಗರ್, ಬೀಡಿ ಸೇದಿ ಕೆಮ್ಮುವವರು ಸಿಕ್ಕರಂತೂ ಚೆಸ್ಟ್ ವಾರ್ಡಿನವರು ಜಗಳವಾಡಿ ಎಳೆದೊಯ್ಯುತ್ತಾರೆ. ಒಮ್ಮೆ ಹೆರಿಗೆ ವಾರ್ಡಿಗೆ ಜನ ಸಾಲದೆ ಅರವತ್ತು ದಾಟಿದ ಅಜ್ಜಿಯೊಬ್ಬರನ್ನು ಮಲಗಿಸಿದ್ದರು. ಕೇಸ್ ಶೀಟಿನಲ್ಲಿ ಏಳು ತಿಂಗಳು. ಬಂದ ಸಾಹೇಬರು ಶೀಟನ್ನು ನೋಡಿದರೇ ಹೊರತು ಅಜ್ಜಿಯನ್ನಲ್ಲ. ಸಂಜೆ ಅವರ ಕಾರು ಗೇಟು ದಾಟಿದ್ದೇ ತಡ, ಇಡೀ ಆಸ್ಪತ್ರೆ ಒಮ್ಮೆಲೇ ಗುಣವಾಯಿತು. ಇಂಥ ಚಿಕಿತ್ಸೆ ದಿಲ್ಲಿಯ ಏಮ್ಸ್‌ನಲ್ಲೂ ಸಿಗಲಾರದು.

ಸಿಬಿಐನವರು 34 ಜನರನ್ನು ಹೆಸರಿಸಿ ಹಾಕಿದ ಎಫ್‌ಐಆರ್ 2025ರ ಜುಲೈನಲ್ಲಿ ಸುದ್ದಿಯಾದಾಗ ದೇಶ ಬೆಚ್ಚಿಬಿತ್ತು. ಇನ್‌ಸ್ಪೆಕ್ಷನ್ನಿನ ಮಾಹಿತಿ ಮೊದಲೇ ಸೋರುತ್ತಿತ್ತಂತೆ, ಪ್ರೊಫೆಸರುಗಳು ಹೆಸರಿಗೆ ಮಾತ್ರವಂತೆ, ರೋಗಿಗಳು ಸುಳ್ಳಂತೆ, ಹಾಜರಿ ಯಂತ್ರಕ್ಕೆ ಒತ್ತುವ ಬೆರಳಚ್ಚೂ ನಕಲಂತೆ. ಇವೆಲ್ಲ ಆರೋಪಗಳು. ನಮ್ಮ ಹಾಸ್ಟೆಲಿನಲ್ಲಿ ಮಾತ್ರ ಯಾರೂ ಬೆಚ್ಚಲಿಲ್ಲ. ಮೆಸ್ಸಿನ ಸಾಂಬಾರಿನಲ್ಲಿ ಬೇಳೆ ಸಿಕ್ಕಿದ್ದರೆ ಅದಕ್ಕಿಂತ ದೊಡ್ಡ ಸುದ್ದಿಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ನಟನೆ ತಪ್ಪೋ ಸರಿಯೋ ಎನ್ನುವುದು ನಿರ್ಮಾಪಕ ಯಾರು ಎಂಬುದರ ಮೇಲೆ ನಿಂತಿದೆ. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರಿನಲ್ಲೇ ಪ್ರಿ-ವೆಡ್ಡಿಂಗ್ ಶೂಟ್ ಮಾಡಿಸಿ ಕೆಲಸ ಕಳೆದುಕೊಂಡರು. ಆಪರೇಷನ್ ಮಾಡಿಸಿಕೊಳ್ಳುತ್ತಿದ್ದ ರೋಗಿ ಕೊನೆಗೆ ಟೇಬಲ್ಲಿನ ಮೇಲೆ ಎದ್ದು ಕೂತಿದ್ದ. ಅದೇ ತಿಂಗಳು ಗದಗದ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳು ಅಮಾನತಾದರು. ಪಾಪ, ಎಲ್ಲರೂ ಸ್ವಂತ ಖರ್ಚಿನಲ್ಲಿ ಸಣ್ಣದಾಗಿ ನಟಿಸಿದವರು. ನೂರಾರು ಹಾಸಿಗೆಯ ಸೆಟ್ ಹಾಕಿ, ಹಳ್ಳಿಗಟ್ಟಲೆ ಜೂನಿಯರ್ ಆರ್ಟಿಸ್ಟುಗಳನ್ನು ಕರೆತಂದು, ಸ್ಕ್ರಿಪ್ಟನ್ನು ಕೇಸ್ ಶೀಟಿನಲ್ಲಿ ಬರೆಸಿ ನಟಿಸಿದವರಿಗೆ ಸೀಟು ಹೆಚ್ಚಾಗುತ್ತದೆ.

ಕಳ್ಳಾಟ ನಿಲ್ಲಿಸಲು ಆಯೋಗವೂ ಸುಮ್ಮನೆ ಕೂತಿಲ್ಲ. 2025ರ ಮೇ 1ರಿಂದ ಬೋಧಕರು ಬೆರಳಲ್ಲ, ಮೊಬೈಲಿಗೆ ಮುಖ ತೋರಿಸಬೇಕು. ಎಲ್ಲಿ ನಿಂತು ತೋರಿಸಿದರು ಎಂದು ಜಿಪಿಎಸ್ ಹೇಳುತ್ತದೆ. ನಮ್ಮಲ್ಲೊಬ್ಬ ಸರ್ ಬೆಳಿಗ್ಗೆ ಕಾರಿನಿಂದ ಇಳಿಯದೆ ಗೇಟಿನ ಬಳಿ ಮೊಬೈಲಿಗೊಂದು ನಗೆ ಬೀರಿ, ಕಾರು ತಿರುಗಿಸಿ ತಮ್ಮ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಸಂಜೆ ಮತ್ತೆ ಬಂದು ನಗುತ್ತಾರೆ. ಅವರ ಮುಖ ಕಾಲೇಜಿನದು, ಕೈ ನರ್ಸಿಂಗ್ ಹೋಮಿನದು. ವರ್ಷದಲ್ಲಿ ಅವರು ನಕ್ಕಿದ್ದನ್ನು ನಾವು ನೋಡಿಲ್ಲ, ಆ್ಯಪ್ ನೋಡಿದೆ.

ಜೂನಿಯರ್‌ಗಳ ಕಥೆ ಇನ್ನೂ ಸೊಗಸು. ಅವರ ಸಿಲೆಬಸ್ಸಿನಲ್ಲಿ ಕುಟುಂಬ ದತ್ತು ಕಾರ್ಯಕ್ರಮವಿದೆ. ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಓದು ಮುಗಿಯುವವರೆಗೂ ಅವರ ಆರೋಗ್ಯ ವಿಚಾರಿಸುತ್ತಿರಬೇಕು. ವಿಚಾರವೇನೋ ಒಳ್ಳೆಯದೇ. ಆದರೆ ನನ್ನ ಜೂನಿಯರ್ ಒಬ್ಬ ಬಿ.ಪಿ. ಉಪಕರಣ ಹಿಡಿದು ತನ್ನ ಪಾಲಿನ ಮನೆಗೆ ಹೋದರೆ ಅಲ್ಲಿನ ಆಯಿ ಕೇಳಿದಳಂತೆ: "ನೀ ನಮ್ಮನ್ನ ದತ್ತಕ ತಗೊಂಡಿಯಂತ ಹೌದಿಲ್ಲೋ? ಹಂಗಿದ್ರ ಈ ಸಲದ ಬೀಜ ಗೊಬ್ಬರದ ರೊಕ್ಕ ನೀನ ಕೊಡಪಾ." ಇವನ ಬಳಿ ವಾಪಸ್ ಬಸ್ಸಿಗೂ ಚಿಲ್ಲರೆ ಇರಲಿಲ್ಲ. ಕಡೆಗೆ ಅವಳೇ ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕಳಿಸಿದಳು. ಯಾರು ಯಾರನ್ನು ದತ್ತು ತೆಗೆದುಕೊಂಡರು ಎಂದು ಬರೆಯಲು ಲಾಗ್‌ಬುಕ್ಕಿನಲ್ಲಿ ಕಾಲಂ ಇಲ್ಲ. ಸಹಿಯ ಕಾಲಂ ಇದೆ, ಸಹಿ ಆಗಿದೆ.

ಓದುವ ಸಂಕಲ್ಪ ಇಲ್ಲವೇ ಎಂದು ಮನೆಯಲ್ಲಿ ಅಪ್ಪ ಕೇಳುತ್ತಾರೆ. ಏಕೆ ಓದಬೇಕು? 2023ರಲ್ಲಿ ಪಿಜಿ ನೀಟ್ ಕಟಾಫನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು. ಅಂದರೆ ಪರೀಕ್ಷೆಗೆ ಕೂತು ಎದ್ದುಬಂದವರೆಲ್ಲ ಅರ್ಹರು. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಗೊರಕೆ ಹೊಡೆದವನಿಗೆ ಸೊನ್ನೆ, ರಾತ್ರಿಯಿಡೀ ಓದಿ ತಪ್ಪು ಒತ್ತಿದವನಿಗೆ ಮೈನಸ್. ನಿದ್ದೆಯ ಮಹತ್ವವನ್ನು ವೈದ್ಯಕೀಯ ವಿಜ್ಞಾನ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಹೇಳಿಲ್ಲ. ಇನ್ನು ಎಂಬಿಬಿಎಸ್ ಕೊನೆಯ ವರ್ಷದಲ್ಲಿ ಬರೆಯಬೇಕಾದ ನೆಕ್ಸ್ಟ್ ಪರೀಕ್ಷೆ ಆಯೋಗವನ್ನು ಹುಟ್ಟಿಸಿದ 2019ರ ಕಾಯ್ದೆಯಲ್ಲೇ ಇದೆ. ಅದರ ಅಣಕು ಪರೀಕ್ಷೆಗೆ 2023ರ ಜುಲೈ 28 ಎಂದು ದಿನ ಗೊತ್ತು ಮಾಡಿ, ಅದನ್ನೂ ಮುಂದೂಡಿದರು. ಅಣಕು ಅಲ್ಲಿಗೆ ಪೂರ್ಣವಾಯಿತು.

ಪಿಜಿ ಸಿಕ್ಕರೂ ಸುಖವೇನಿದೆ? ಪಿಜಿ ವೈದ್ಯರ ದುಡಿಮೆಗೆಂದು ಮಾಡಿದ 1992ರ ಕೇಂದ್ರದ ರೆಸಿಡೆನ್ಸಿ ನಿಯಮದಲ್ಲಿ ವಾರಕ್ಕೆ 48 ಗಂಟೆ ದುಡಿಮೆ ಎಂದಿತ್ತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ ನೇಮಿಸಿದ ಕಾರ್ಯಪಡೆ 2024ರಲ್ಲಿ ಕರುಣೆ ತೋರಿ 74 ಗಂಟೆ ಮೀರಬಾರದು ಎಂದಿತು. ಇನ್ನೊಂದು ಕಾರ್ಯಪಡೆಯ ಕರುಣೆಯನ್ನು ತಾಳಿಕೊಳ್ಳುವ ಶಕ್ತಿ ನಮಗಿಲ್ಲ. ದಣಿದವರಿಗೆ ಜೂನ್ 12ರಿಂದ 21ರವರೆಗೆ ಆಯೋಗ ಹೇಳಿದ ಯೋಗ ಇದ್ದೇ ಇದೆ. ನನಗೆ ಬರುವುದು ಶವಾಸನ ಒಂದೇ, ಅದೂ ಡ್ಯೂಟಿ ರೂಮಿನ ಬೆಂಚಿನ ಮೇಲೆ, ಅರ್ಧ.

ಇನ್‌ಸ್ಪೆಕ್ಷನ್ ರೋಗಿಗೆ ನೋಡಿ: ಮಡಿ ಹಾಸಿಗೆ, ಫ್ಯಾನು, ಎರಡು ಹೊತ್ತು ಊಟ, ಸಂಜೆ ಕೈಗೆ ಕೂಲಿ. ನಮ್ಮನ್ನು ಹೆಸರು ಹಿಡಿದು ಕರೆಯದ ವಿಭಾಗದ ಮುಖ್ಯಸ್ಥರು ಬಂದು "ಹೇಗಿದ್ದೀರಿ ಯಜಮಾನರೇ" ಎಂದು ಹೆಗಲು ಮುಟ್ಟುತ್ತಾರೆ. ಯಾರೂ ಲ್ಯಾಬಿಗೆ ಓಡಿಸುವುದಿಲ್ಲ. ಮೂಳೆ ವಾರ್ಡು ಸಿಕ್ಕರೆ ಕಾಲಿಗೆ ತೂಕ ಕಟ್ಟಿ ಮಲಗಿಸುವುದರಿಂದ ಓಡಿಸಲು ಸಾಧ್ಯವೂ ಇಲ್ಲ.

ಅದಕ್ಕೇ ಟೆಂಪೋ ತುಂಬಿಸಿ ಜನ ತರುವ ಮೇಸ್ತ್ರಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, ಜನವರಿಯ ಇನ್‌ಸ್ಪೆಕ್ಷನ್‌ಗೆ ನನ್ನ ಹೆಸರೂ ಬರೆದುಕೊಳ್ಳಿ ಎಂದೆ. ಆತ ನನ್ನ ಕಣ್ಣಿನ ಕೆಳಗಿನ ಕಪ್ಪು, ಗುಳಿಬಿದ್ದ ಕೆನ್ನೆ ಎಲ್ಲವನ್ನೂ ನಮ್ಮ ಯೂನಿಟ್ ಚೀಫ್‌ಗಿಂತ ಶ್ರದ್ಧೆಯಿಂದ ಪರೀಕ್ಷಿಸಿ ತಲೆಯಾಡಿಸಿದ.

"ಆಗಂಗಿಲ್ರೀ ಡಾಕ್ಟ್ರ. ನಿಮ್ಮನ್ನ ನೋಡಿದ್ರ ಖರೇನ ಆರಾಮಿಲ್ದಂಗ ಕಾಣಸ್ತೈತಿ. ಅಂಥಾವ್ರನ್ನ ನಾವು ಒಯ್ಯಂಗಿಲ್ಲ. ನಡುವ ಏನರ ಸೀರಿಯಸ್ ಆತಂದ್ರ ನೋಡಾಕ ಅಲ್ಲಿ ಡಾಕ್ಟ್ರು ಯಾರದಾರ ಹೇಳ್ರಿ?"