ಅಟ್ಜೆ ಚಿತ್ರಗಳನ್ನು ಯಾರೂ ಕೊಳ್ಳಲಿಲ್ಲ ಅನ್ನೋದು ತಪ್ಪು

ಪ್ಯಾರಿಸ್‌ನ ಕಂಪಾನ್ ಪ್ರೆಮಿಯೇರ್ ಬೀದಿಯ 17 ಬಿಸ್ ಕಟ್ಟಡದ ಮೇಲೆ ಒಂದು ಸ್ಮಾರಕ ಫಲಕವಿದೆ. ಬೀದಿಗಳ ಫೋಟೋಗ್ರಾಫರ್ ಯುಜೀನ್ ಅಟ್ಜೆ ಸುಮಾರು 28 ವರ್ಷ, 1927ರಲ್ಲಿ ಸಾಯುವವರೆಗೂ ಬಾಳಿದ ಮನೆ ಅದು. ಅವರ ಬಗ್ಗೆ ಒಂದು ಮಾತು ಓಡಾಡುತ್ತಿದೆ: "ಬದುಕಿದ್ದಾಗ ಒಂದು ಚಿತ್ರವೂ ಮಾರಾಟವಾಗಲಿಲ್ಲ, ಸತ್ತ ಮೇಲೆ ಅಮೆರಿಕದ ಮಹಿಳೆಯೊಬ್ಬರು ಪತ್ತೆಮಾಡಿದರು."

ಇದು ನಿಜವಲ್ಲ. ಚಿತ್ರ ಮಾರುವುದೇ ಅಟ್ಜೆ ಅವರ ಜೀವನೋಪಾಯವಾಗಿತ್ತು. ಭಾರವಾದ ಮರದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತು ಹಳೇ ಅಂಗಡಿ, ಅಂಗಳ, ಮೆಟ್ಟಿಲು, ಬೀದಿ ವ್ಯಾಪಾರಿಗಳನ್ನು ಸೆರೆಹಿಡಿದರು. ಕಲಾವಿದರಷ್ಟೇ ಅಲ್ಲ, ಪ್ಯಾರಿಸ್ ಇತಿಹಾಸದ ಕಾರ್ನವಾಲೆ ಮ್ಯೂಸಿಯಂ, ರಾಷ್ಟ್ರೀಯ ಗ್ರಂಥಾಲಯದಂಥ ಸಂಸ್ಥೆಗಳೂ ಸಾವಿರಾರು ಚಿತ್ರ ಕೊಂಡಿದ್ದವು. 1920ರಲ್ಲಿ ಅವರು 2,621 ನೆಗೆಟಿವ್‌ಗಳನ್ನು ಸರ್ಕಾರಕ್ಕೆ 10,000 ಫ್ರಾಂಕ್‌ಗೆ ಮಾರಿದರು. ಯಾರೂ ಕೇಳದವರ ಲೆಕ್ಕ ಇದಲ್ಲ, ಅಲ್ವಾ?

ಕಲಾವಿದ ಎಂಬ ಹೆಸರು ತಡವಾಗಿ ಬಂತು, ಅದು ಸರಿ. 1926ರಲ್ಲಿ ಅದೇ ಬೀದಿಯ ಕಲಾವಿದ ಮ್ಯಾನ್ ರೇ, ಅಟ್ಜೆ ತೆಗೆದ ಚಿತ್ರವನ್ನು ಸರ್ರಿಯಲಿಸ್ಟರ (ಕನಸಿನಂಥ ಕಲೆಯ ಪಂಥದವರ) ಪತ್ರಿಕೆಗೆ ತೆಗೆದುಕೊಂಡಾಗ, ತನ್ನ ಹೆಸರು ಹಾಕಬೇಡಿ, ಇವು ಬರೀ ದಾಖಲೆಗಳು ಅಂದರಂತೆ ಅಟ್ಜೆ.

ಆ ಅಮೆರಿಕದ ಮಹಿಳೆ ಫೋಟೋಗ್ರಾಫರ್ ಬೆರೆನಿಸ್ ಆ್ಯಬಟ್. ಅಟ್ಜೆ ಬದುಕಿದ್ದಾಗಲೇ ಅವರನ್ನು ಭೇಟಿಯಾಗಿ ಚಿತ್ರ ಕೊಂಡಿದ್ದರು, 1927ರಲ್ಲಿ ಅವರ ಫೋಟೋ ಕೂಡ ತೆಗೆದರು. ಸಾವಿನ ನಂತರ ಉಳಿದ ಸಂಗ್ರಹವನ್ನು ಕಾಪಾಡಿದ ದೊಡ್ಡ ಕೆಲಸ ಖಂಡಿತ ಅವರದೇ. 1968ರಲ್ಲಿ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸೇರಿತು.