ಇರುವೆ ಉಪಕಾರಿಯಂತೆ!

ಇರುವೆ ರೈತನ ಮಿತ್ರ ಅನ್ನೋರನ್ನ ಒಂದ್ಸಲ ನಮ್ಮ ದಾಸವಾಳದ ಗಿಡದ ಪಕ್ಕ ನಿಲ್ಲಿಸಬೇಕು. ಮೊಗ್ಗಿನ ಬುಡಕ್ಕೆಲ್ಲ ಬಿಳಿ ಹಿಟ್ಟು ತಿಗಣೆ ಮೆತ್ತಿಕೊಂಡಿದೆ. ಅದು ಸುರಿಸೋ ಸಿಹಿ ಅಂಟಿನಾಸೆಗೆ ಇರುವೆಗಳು ದನ ಕಾಯೋ ಹಾಗೆ ಸುತ್ತ ಕಾವಲು! ತಿಗಣೆ ತಿನ್ನೋಕೆ ಬಂದ ಗುಲಗಂಜಿ ಹುಳುವನ್ನೂ ಅಟ್ಟಿಬಿಡ್ತವೆ. ಬೇವಿನೆಣ್ಣೆ ಹೊಡೆದು ನನ್ನ ಕೈ ನೊಂದಿದ್ದೇ ಬಂತು.

ಗೋಡಂಬಿ ತೋಟದಲ್ಲಿ ಚಗಳಿ ಅನ್ನೋ ಕೆಂಪಿರುವೆ, ಚಿಗುರಿನ ರಸ ಹೀರೋ ಟೀ ಸೊಳ್ಳೆ ಅನ್ನೋ ತಿಗಣೆಯನ್ನ ಹಿಡಿಯುತ್ತೆ, ಒಪ್ಪಿದೆ. (ಮಲೆನಾಡಿನವರು ಆ ಚಗಳಿಯನ್ನೇ ಚಟ್ನಿ ಅರೆದು ಲೆಕ್ಕ ಚುಕ್ತಾ ಮಾಡ್ತಾರೆ, ಅದು ಬೇರೆ ಮಾತು.) ನಮ್ಮ ಮನೇವು ಯಾವ ತೋಟ ಕಾದಿವೆ ಸ್ವಾಮಿ? ಬೆಲ್ಲದ ಡಬ್ಬಿಯನ್ನ ನೀರಿನ ತಟ್ಟೆಯಲ್ಲಿಟ್ಟರೂ ಬಿಡದೆ, ಈಗ ಸ್ವಿಚ್ ಬೋರ್ಡ್ ತೂತಿನಿಂದ ಸಾಲು ಹೊರಟಿದೆ, ಮಿಕ್ಸಿ ಕಡೆಗೆ.