ಬಾಗಿಲಿಲ್ಲದ ಬೆಣೆ

ಅಡುಗೆಮನೆ ಕಟ್ಟೆ ನೆಲದಿಂದ ಸುಮಾರು 85 ಸೆಂಟಿಮೀಟರ್ ಎತ್ತರ ಇರುತ್ತದೆ. 1970ರಲ್ಲಿ ಇಟಲಿಯ ಟ್ಯೂರಿನ್ ಮೋಟಾರ್ ಪ್ರದರ್ಶನಕ್ಕೆ ಬಂದ ಲಾಂಚಿಯಾ ಸ್ಟ್ರಾಟೋಸ್ ಜೀರೋ ಎಂಬ ಕಾರು ಅದಕ್ಕೂ ಒಂದು ಸೆಂಟಿಮೀಟರ್ ಗಿಡ್ಡ. 84, ಅದೂ ನೆತ್ತಿಯ ಹತ್ತಿರ! ಅದೇ ವರ್ಷ ಪಿನಿನ್‌ಫರೀನಾ ಎಂಬ ಕಾರು ವಿನ್ಯಾಸ ಸಂಸ್ಥೆ ಸುಮಾರು 93 ಸೆಂಟಿಮೀಟರಿನ ಫೆರಾರಿ ಮೊಡ್ಯುಲೋ ತೋರಿಸಿತ್ತು. ಬರ್ಟೋನೆ ಸಂಸ್ಥೆಯ ವಿನ್ಯಾಸಕಾರ ಮಾರ್ಚೆಲ್ಲೋ ಗಾಂದೀನಿ ತಮ್ಮ ಜೀರೋವನ್ನು ಅದಕ್ಕೂ ಮೀರಿ ತಗ್ಗಿಸಿದರು. ಭವಿಷ್ಯ ನೆಲಕ್ಕೆ ಅಂಟಿಕೊಂಡೇ ಬರುತ್ತದೆ ಎಂಬ ನಂಬಿಕೆಯ ಕಾಲ ಅದು.

ಗಾಳಿಗೆ ಬಾಗಿಲು ಬಡಿಯದಂತೆ ಅಡಿಯಲ್ಲಿ ತುರುಕುತ್ತೇವಲ್ಲ, ಆ ಮರದ ಬೆಣೆಯದೇ ಆಕಾರ. ತಮಾಷೆಯೆಂದರೆ ಈ ಬೆಣೆಗೆ ಬಾಗಿಲೇ ಇಲ್ಲ. ಒಳಗೆ ಹೋಗಬೇಕಾದರೆ ಮುಂದಿನ ಗಾಜನ್ನೇ ಪೆಟ್ಟಿಗೆಯ ಮುಚ್ಚಳದಂತೆ ಮೇಲೆತ್ತಬೇಕು. ಸ್ಟೀರಿಂಗಿನ ಕಂಬವನ್ನು ಮುಂದಕ್ಕೆ ವಾಲಿಸಿ ಜಾಗ ಮಾಡಿಕೊಳ್ಳಬೇಕು. ಮೂತಿಯ ಮೇಲೊಂದು ಕಪ್ಪು ರಬ್ಬರ್ ಹಾಸು. ಕಾಲಿಡಬೇಕಾದದ್ದು ಅಲ್ಲೇ, ತಪ್ಪಿದರೆ ಬಣ್ಣಕ್ಕೆ ಗೀರು. ಅಲ್ಲಿಂದ ಒಳಗಿಳಿದು, ಕುಂಡೆಯೂರಿ, ಕಾಲು ಚಾಚಿ, ಕಂಬ ಹಿಂದಕ್ಕೆಳೆದು, ಗಾಜು ಮುಚ್ಚಿಕೊಂಡರೆ ಪ್ರವೇಶ ಮುಗಿಯಿತು. ಕೂತದ್ದೋ ಮಲಗಿದ್ದೋ ಹೇಳುವುದು ಕಷ್ಟ. ಸೀರೆ, ಪಂಚೆ ಉಟ್ಟವರು ಈ ಕಾರಿನ ಲೆಕ್ಕದಲ್ಲಿರಲಿಲ್ಲ.

ತೊಂದರೆಗಳೆಲ್ಲ ಆ ಗಾಜಿನಿಂದಲೇ. ಮಳೆಯಲ್ಲಿ ಎತ್ತಿದರೆ ಸೀಟು ನೆನೆಯುತ್ತದೆ. ಗಾಜು ಅಷ್ಟು ಓರೆಯಾದಾಗ ನೋಟ ಅದನ್ನು ಅಡ್ಡಡ್ಡ ಹಾಯಬೇಕು. ಒಳಗಿನ ವಸ್ತುಗಳ ಪ್ರತಿಬಿಂಬ ಹೆಚ್ಚು, ರಸ್ತೆ ಕಮ್ಮಿ. ಬಿಸಿಲು ನೇರ ತೊಡೆಯ ಮೇಲೆ. ಕಾರು ಮಗುಚಿದರೆ ಹೊರಬರುವ ದಾರಿ ನೆಲದ ಕಡೆಗೆ. ಹಿಂದೆ ನೋಡೋಣವೆಂದರೆ ಅಲ್ಲಿರುವುದು ಎಂಜಿನ್ ಮೇಲಿನ ತ್ರಿಕೋನದ ಮುಚ್ಚಳ.

ಆದರೂ ಇದು ಬರೀ ಬೊಂಬೆಯಲ್ಲ, ಓಡುತ್ತಿತ್ತು. ಲಾಂಚಿಯಾ ಫುಲ್ವಿಯಾ ಕಾರಿನ 1.6 ಲೀಟರ್ ವಿ-ಫೋರ್ (ವಿ ಆಕಾರದಲ್ಲಿ ನಾಲ್ಕು ಸಿಲಿಂಡರುಗಳಿರುವ) ಎಂಜಿನ್ನನ್ನು ಸೀಟಿನ ಹಿಂದೆ ಕೂರಿಸಿದ್ದರು. ಅದರ ಎರಡು ಸಾಲು ಸಿಲಿಂಡರುಗಳ ನಡುವಿನ ಕೋನ ಬಹಳ ಕಿರಿದು. ಎಂಜಿನ್ ಪುಟ್ಟದಾಗಿದ್ದರಿಂದಲೇ ಇಂಥ ಗಿಡ್ಡ ಮೈಯೊಳಗೆ ಹಿಡಿಸಿತು. ಬರ್ಟೋನೆ ಸಂಸ್ಥೆಯ ಮುಖ್ಯಸ್ಥ ನುಚ್ಚಿಯೋ ಬರ್ಟೋನೆ ಇದನ್ನು ಸ್ವತಃ ಓಡಿಸಿಕೊಂಡು ಲಾಂಚಿಯಾ ಕಂಪನಿಯವರ ಬಳಿಗೆ ಹೋದಾಗ, ಗೇಟಿನ ಅಡ್ಡಗಂಬ ಎತ್ತಿಸದೆ ಅದರಡಿಯೇ ನುಸುಳಿದರೆಂಬ ಕತೆ ಪ್ರಸಿದ್ಧ.

ಆ ಭೇಟಿಯ ಫಲವಾಗಿ ಬಂದದ್ದು ಲಾಂಚಿಯಾ ಸ್ಟ್ರಾಟೋಸ್ ಎಚ್‌ಎಫ್ ಎಂಬ ರ‍್ಯಾಲಿ ಕಾರು. ಫೆರಾರಿ ಡೀನೋದ ವಿ-ಸಿಕ್ಸ್ ಎಂಜಿನ್. 1974, 75, 76ರಲ್ಲಿ ಸತತ ಮೂರು ಸಲ ವಿಶ್ವ ರ‍್ಯಾಲಿ ಪ್ರಶಸ್ತಿ. ಬೆಣೆಯ ನೆರಳು ಅದರಲ್ಲೂ ಉಂಟು, ಎತ್ತರ ಮಾತ್ರ ಒಂದು ಗೇಣಿಗೂ ಮಿಕ್ಕಿ ಬೆಳೆದು ಸುಮಾರು 111 ಸೆಂಟಿಮೀಟರ್ ಆಗಿದೆ. ಪಕ್ಕಕ್ಕೆ ತೆರೆಯುವ ಎರಡು ಬಾಗಿಲುಗಳೂ ಬಂದಿವೆ. ಒಳಗಡೆ ಆ ಬಾಗಿಲುಗಳಲ್ಲಿ ದೊಡ್ಡ ಗೂಡುಗಳಿವೆ, ಹೆಲ್ಮೆಟ್ ಇಡಲು.